ಹೊಗೆಗೆ ಎಷ್ಟು, ಮರಕ್ಕೆ ಎಷ್ಟು?

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ, ಇಷ್ಟು ಜನ ಮೂರು ಮಹಡಿ ಹತ್ತಿ ಬಂದಿದ್ದೀರಿ. ಮಾತು ವಿಸ್ಕಿ ಬಗ್ಗೆ ಅಂತ ಬಂದಿರೋ, ಆಮೇಲೆ ಊಟ ಇದೆ ಅಂತ ಬಂದಿರೋ, ನಾನು ಕೇಳುವುದಿಲ್ಲ.

ಕಳೆದ ತಿಂಗಳು ಮೈಸೂರಿನ ಒಂದು ಅಂಗಡಿಯಲ್ಲಿ ಹೊಸದಾಗಿ ಬಂದ ಬಾಟಲಿಯೊಂದನ್ನು ಕೊಂಡೆ. ಪೀಟ್ ಅನ್ನುವ ಜೌಗುಮಣ್ಣಿನ ಹೊಗೆ ಹಾಕಿ, ಶೆರ್ರಿ ದ್ರಾಕ್ಷಾರಸದ ಪೀಪಾಯಿಯಲ್ಲಿ ಇಟ್ಟ ನಮ್ಮ ದೇಶದ್ದೇ ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಬರೀ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ. 9,400 ರೂಪಾಯಿ. 750 ಮಿಲಿ ಅಂದರೆ 25 ಸಣ್ಣ ಪೆಗ್. ಒಂದಕ್ಕೆ 376 ರೂಪಾಯಿ ಬಿತ್ತು. ಹೆಸರು ಹೇಳುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಅಷ್ಟು ದುಡ್ಡು ಕೊಡಬಹುದಾ ಅಂತ ನಿಮ್ಮಲ್ಲೇ ನಾಲ್ಕೈದು ಜನ ಫೋನ್ ಮಾಡಿ ಕೇಳಿದಿರಿ. ಬಿಡಿಬಿಡಿಯಾಗಿ ಹೇಳಿ ಸಾಕಾಗಿ ಇವತ್ತು ಒಟ್ಟಿಗೆ ಹೇಳುತ್ತಿದ್ದೇನೆ.

ನಾನು ಮಂಡ್ಯದ ಕಡೆಯವನು. ನಮ್ಮ ತಾತನ ಕಾಲದಲ್ಲಿ ಮನೆ ಹಿಂದೆಯೇ ಆಲೆಮನೆ ಇತ್ತು. ಒಲೆಗೆ ಕಬ್ಬಿನ ರಚ್ಚು ತುರುಕುತ್ತಿದ್ದರು, ಮೇಲೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಹೊಗೆ ಮತ್ತು ಸಿಹಿ ಒಟ್ಟಿಗೇ ಮೂಗಿಗೆ ಬರುವುದು ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಾಗಿ ಈ ಜಾತಿಯ ವಿಸ್ಕಿ ಕಂಡರೆ ನನಗೆ ಸ್ವಲ್ಪ ಪಕ್ಷಪಾತ ಇದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಹೊಗೆಯ ಲೆಕ್ಕ ಮೊದಲು ನೋಡೋಣ. ನಾವು ಮಗುವಿಗೆ ತಿನ್ನಿಸುವ ಸರಿಗೆ ರಾಗಿ ಮೊಳಕೆ ಕಟ್ಟುತ್ತೇವೆ ಅಲ್ವಾ, ಹಾಗೇ ವಿಸ್ಕಿ ಮಾಡುವವರು ಬಾರ್ಲಿ ಮೊಳಕೆ ಬರಿಸುತ್ತಾರೆ. ಮೊಳಕೆ ನಿಲ್ಲಿಸಲು ಒಣಗಿಸಬೇಕು. ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಸೌದೆ ಕಡಿಮೆ, ಪೀಟ್ ಜಾಸ್ತಿ. ಸಾವಿರಾರು ವರ್ಷ ಜೌಗಿನಲ್ಲಿ ಕೂತು ಅರ್ಧ ಮಣ್ಣಾದ ಪಾಚಿ, ಹುಲ್ಲು ಅದು. ಇಟ್ಟಿಗೆಯಂತೆ ಕೊಯ್ದು, ಒಣಗಿಸಿ, ಬೆರಣಿ ಉರಿಸಿದ ಹಾಗೆ ಉರಿಸುತ್ತಾರೆ. ಆ ಹೊಗೆಯ ಫೀನಾಲ್ ಅನ್ನುವ ಘಾಟು ರಾಸಾಯನಿಕ ಕಾಳಿನ ಸಿಪ್ಪೆಗೆ ಅಂಟಿಕೊಳ್ಳುತ್ತದೆ. ಆಸ್ಪತ್ರೆ ವಾಸನೆ, ಟಾರಿನ ವಾಸನೆ ಅಂತ ಕೆಲವರು ಮುಖ ಸಿಂಡರಿಸುವುದು ಇದಕ್ಕೇ.

ಡಬ್ಬದ ಮೇಲೆ 40 ಪಿಪಿಎಂ, 50 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು ಫೀನಾಲ್, ಅಂತ ದಪ್ಪಕ್ಷರದಲ್ಲಿ ಹಾಕುತ್ತಾರೆ. ಸಾಮಾನ್ಯವಾಗಿ ಅದು ಕಾಳಿನಲ್ಲಿದ್ದ ಅಳತೆ. ಬಾಟಲಿಯಲ್ಲಿರುವುದು ಅಷ್ಟಲ್ಲ. ನೆನೆಸಿ, ಹುಳಿ ಬರಿಸಿ, ಭಟ್ಟಿ ಇಳಿಸುವಷ್ಟರಲ್ಲಿ ಬಹಳಷ್ಟು ಹೋಗಿರುತ್ತದೆ. ಪೀಪಾಯಿಯಲ್ಲಿ ಕೂತಷ್ಟೂ ಇನ್ನಷ್ಟು ಮೆತ್ತಗಾಗುತ್ತದೆ. ಅಂದರೆ ಎಳೆ ವಿಸ್ಕಿಯಲ್ಲೇ ಹೊಗೆ ಜೋರು. ಎಳೆಯದರ ಒರಟುತನ ಮುಚ್ಚುವುದಕ್ಕೂ ಅದೇ ಹೊಗೆ ಬೇಕು. ಮಾರುವವನಿಗೆ ಎರಡು ಕಡೆಯಿಂದಲೂ ಲಾಭ. ನನ್ನ ಬಾಟಲಿಯ ಮೇಲೆ ಎಷ್ಟು ವರ್ಷದ್ದು ಅಂತ ಎಲ್ಲೂ ಇರಲಿಲ್ಲ. ಕನ್ನಡಕ ಹಾಕಿಕೊಂಡೇ ಹುಡುಕಿದೆ.

ನಿಜವಾಗಿ ದುಡ್ಡು ತಿನ್ನುವುದು ಮರ. ಅಮೆರಿಕದ ಬೋರ್ಬನ್ ವಿಸ್ಕಿಗೆ ಪ್ರತಿ ಸಲ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು ಅಂತ ಕಾನೂನು. ಒಮ್ಮೆ ಬಳಸಿದ್ದನ್ನು ಮಾರಲೇಬೇಕು, ಅದಕ್ಕೇ ಆ 200 ಲೀಟರ್ ಪೀಪಾಯಿಗಳು ಬೇರೆ ವಿಸ್ಕಿಯವರಿಗೆ ಅಗ್ಗ. ಶೆರ್ರಿಯ ಕತೆ ಬೇರೆ. ಅದು ಸ್ಪೇನಿನ ಹೆರೆಸ್ ಕಡೆಯ ದ್ರಾಕ್ಷಾರಸ. ಹಿಂದೆ ಪೀಪಾಯಿಯಲ್ಲೇ ಹಡಗು ಹತ್ತಿ ಇಂಗ್ಲೆಂಡಿಗೆ ಬರುತ್ತಿತ್ತು, ಖಾಲಿಯಾದದ್ದು ಸ್ಕಾಟ್ಲೆಂಡಿಗೆ ಹೋಗುತ್ತಿತ್ತು. 1980ರ ದಶಕದಲ್ಲಿ ಸ್ಪೇನಿನಲ್ಲೇ ಬಾಟಲಿಗೆ ತುಂಬಬೇಕು ಅಂತಾದ ಮೇಲೆ ಆ ದಾರಿ ಮುಚ್ಚಿತು. ಈಗ ವಿಸ್ಕಿಯವರಿಗೆ ಅಂತಲೇ ಹೊಸ ಪೀಪಾಯಿ ಮಾಡಿಸಿ, ಒಂದೆರಡು ವರ್ಷ ಶೆರ್ರಿ ತುಂಬಿಟ್ಟು ಪಳಗಿಸುತ್ತಾರೆ. ಹೊಸ ಮಡಕೆ ಪಳಗಿಸುವ ಹಾಗೆ, ಆದರೆ ಬಹಳ ದುಬಾರಿ ಮಡಕೆ.

ಅದಕ್ಕೇ ಲೇಬಲ್ಲಿನಲ್ಲಿ ಒಂದು ಪದ ಹುಡುಕಿ. ‘ಫಿನಿಶ್’ ಅಂತಿದ್ದರೆ ವಿಸ್ಕಿ ಬೇರೆಲ್ಲೋ ಬೆಳೆದು, ಕೊನೆಯಲ್ಲಿ ಸ್ವಲ್ಪ ಕಾಲ ಮಾತ್ರ ಶೆರ್ರಿ ಮನೆಯಲ್ಲಿ ನೆಂಟನಾಗಿ ಇದ್ದು ಬಂದಿದೆ. ಪೂರ್ತಿ ಶೆರ್ರಿಯಲ್ಲೇ ಬೆಳೆದದ್ದರ ಬೆಲೆಯನ್ನು ಅದಕ್ಕೆ ಕೊಡಬಾರದು. ನನ್ನದು ಫಿನಿಶ್. ನೋಡದೆ ಕೊಂಡದ್ದು ನನ್ನ ತಪ್ಪು.

ನಮ್ಮ ಸೆಕೆಯ ಲೆಕ್ಕವೂ ಇದೆ. ಕೆಂಗೇರಿಯಿಂದ ನಮ್ಮ ಕಡೆಗೆ ಬರುವಾಗ ಕಂಬೀಪುರದಲ್ಲಿ ಅಮೃತ್ ಡಿಸ್ಟಿಲರಿ ಇದೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾದರೆ, ಬೆಂಗಳೂರಿನ ಹವೆಗೆ ಶೇ 10ಕ್ಕೂ ಜಾಸ್ತಿ. 500 ಲೀಟರ್ ತುಂಬಿದರೆ ನಾಲ್ಕು ವರ್ಷಕ್ಕೆ ಮೂರರಲ್ಲಿ ಒಂದು ಪಾಲು ಗಾಳಿಗೆ. ಬೇಗ ಮಾಗುತ್ತದೆ ನಿಜ, ಹಾಗಾಗಿ ನಮ್ಮ ನಾಲ್ಕು ವರ್ಷವನ್ನು ಅವರ ಹನ್ನೆರಡರ ಪಕ್ಕ ಇಟ್ಟು ಹೀಯಾಳಿಸಬಾರದು. ಇದೇ ಅಮೃತ್ 2004ರಲ್ಲಿ ಗ್ಲಾಸ್ಗೋದಲ್ಲಿ ತನ್ನ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿತು. ನಮ್ಮ ಬಾರ್ಲಿಗೆ ಸ್ಕಾಟ್ಲೆಂಡಿನ ಹೊಗೆ ಬಾರ್ಲಿ ಸೇರಿಸಿ ಮಾಡಿದ ಅವರ ಫ್ಯೂಷನ್‌ಗೆ 2010ರಲ್ಲಿ ವಿಸ್ಕಿ ವಿಮರ್ಶಕ ಜಿಮ್ ಮರ್ರೆ 100ಕ್ಕೆ 97 ಕೊಟ್ಟರು. ಮಂಡ್ಯದವನಾಗಿ ನನಗೆ ಇನ್ನೊಂದು ತಮಾಷೆ. ನಮ್ಮಲ್ಲಿ ವಿಸ್ಕಿ ಅಂತ ಮಾರುವ ಅಗ್ಗದ ಮಾಲಿನಲ್ಲಿ ಬಹಳಷ್ಟು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬಂದ ಸ್ಪಿರಿಟ್. ಯುರೋಪಿನಲ್ಲಿ ಅದನ್ನು ವಿಸ್ಕಿ ಅನ್ನುವ ಹಾಗಿಲ್ಲ. ನಮ್ಮ ಕಬ್ಬು ಅಲ್ಲಿಗೆ ಹೋದರೆ ರಮ್ ಅನ್ನಿಸಿಕೊಳ್ಳಬೇಕು!

ಸರಿ, ಬಾಟಲಿಗೆ ಬರೋಣ. ಮೊದಲ ದಿನ ನೀರು ಹಾಕದೆ ಮೂಗಿಗೆ ಹಿಡಿದೆ. ಸೀದಾ ಆಲೆಮನೆ. ಆಮೇಲೆ ಒಣದ್ರಾಕ್ಷಿ, ಉತ್ತುತ್ತೆ, ಸ್ವಲ್ಪ ಗುಲ್ಕನ್. ಅಬ್ಬಾ, ದುಡ್ಡು ವಸೂಲಾಯ್ತು ಅಂದುಕೊಂಡೆ. ನಂತರ ಒಂದು ಚಮಚ ನೀರು ಹಾಕಿದೆ. ಹೊಗೆಯ ಪರದೆ ಸರಿಯಿತು ನೋಡಿ, ಹಿಂದೆ ಆಗತಾನೇ ಗೀರಿದ ಬೆಂಕಿಕಡ್ಡಿಯ ವಾಸನೆ ನಿಂತಿತ್ತು. ಅದು ಗಂಧಕ. ಪೀಪಾಯಿ ಕೆಡದಿರಲಿ ಅಂತ ಒಳಗೆ ಗಂಧಕ ಸುಡುವ ರೂಢಿ ಇದೆ, ಅದು ಉಳಿದುಕೊಂಡರೆ ಹೀಗಾಗುತ್ತದೆ. ಬಾಯಲ್ಲಿ ಸಿಹಿ ಬೇಗ ಕರಗಿ, ಕೊನೆಗೆ ಹಸಿ ಕಹಿ ಉಳಿಯಿತು. ಕುಡಿದ ಗ್ಲಾಸನ್ನು ತೊಳೆಯದೆ ಮೇಜಿನ ಮೇಲೇ ಬಿಟ್ಟೆ. ಬೆಳಿಗ್ಗೆ ನನ್ನ ಹೆಂಡತಿ ಬಂದವಳೇ, “ರಾತ್ರಿ ಸೊಳ್ಳೆಬತ್ತಿ ಹಚ್ಚಿದ್ರಾ?” ಅಂದಳು. ಒಳ್ಳೆ ಪೀಪಾಯಿಯ ವಿಸ್ಕಿ ಆಗಿದ್ದರೆ ಖಾಲಿ ಗ್ಲಾಸಿನಲ್ಲಿ ಬೆಳಿಗ್ಗೆಯೂ ಮರ, ಹಣ್ಣು ಉಳಿಯುತ್ತದೆ. ಇದರಲ್ಲಿ ಹೊಗೆ ಒಂದೇ ಉಳಿದಿತ್ತು.

ಹಾಗಾದರೆ 9,400? ನಾನಂತೂ ಮತ್ತೆ ಕೊಡುವುದಿಲ್ಲ. ಆರು ಸಾವಿರಕ್ಕೆ ಸಿಕ್ಕರೆ ಚಳಿಗಾಲಕ್ಕೆ ಒಂದು ಇರಲಿ ಅನ್ನುತ್ತೇನೆ. ಬೆಲೆಯಲ್ಲಿ ನಮ್ಮ ರಾಜ್ಯದ ಅಬಕಾರಿ ಸುಂಕದ ಪಾಲೂ ದೊಡ್ಡದೇ, ಅದನ್ನು ತಯಾರಿಸಿದವನ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಆದರೆ ಹೊರಗಿನ ಮಾಲಿಗೆ ಶೇ 150 ಇದ್ದ ಆಮದು ಸುಂಕವನ್ನು ಬ್ರಿಟನ್ ವಿಸ್ಕಿಗೆ 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಸುವ ಒಪ್ಪಂದಕ್ಕೆ 2025ರ ಜುಲೈನಲ್ಲಿ ಸಹಿ ಬಿದ್ದಿದೆ. ಅಸಲಿ ಹೊಗೆ-ಶೆರ್ರಿ ಸ್ಕಾಚ್‌ಗಳು ಇದೇ ಬೆಲೆಗೆ ಪಕ್ಕದಲ್ಲಿ ಬಂದು ಕೂತರೆ ಇಂಥ ಬಾಟಲಿಯ ಗತಿ ಏನು ಅಂತ ಅವರೇ ಯೋಚಿಸಬೇಕು. ನಾಲ್ಕು ಜನ ಸೇರಿ ಕೊಂಡರೆ ತಲಾ 2,350. ಕುತೂಹಲಕ್ಕೆ ಅಷ್ಟು ಕೊಡಬಹುದು, ನಾನು ಬೇಡ ಅನ್ನುವುದಿಲ್ಲ.

ಹೆಸರು ಯಾಕೆ ಹೇಳಲಿಲ್ಲ ಅಂದರೆ, ಅದೇ ಬಾಟಲಿ ಕಾಗದ ಸುತ್ತಿಕೊಂಡು ಇಲ್ಲೇ ಕೂತಿದೆ. ಪಕ್ಕದಲ್ಲಿ ಕಾಗದ ಸುತ್ತಿದ ಇನ್ನೊಂದೂ ಇದೆ, ಹೊಗೆ ಇದೆ, ಶೆರ್ರಿ ಇಲ್ಲ, ಬೆಲೆ ಕಡಿಮೆ. ಗಾಡಿ ಓಡಿಸುವವರು ಮೂಸಿದರೆ ಸಾಕು. ದುಬಾರಿಯದು ಎಡಗಡೆಯದಾ ಬಲಗಡೆಯದಾ ಅಂತ ಚೀಟಿಯಲ್ಲಿ ಬರೆದು ಈ ತಟ್ಟೆಗೆ ಹಾಕಿ. ಊಟ ಆದಮೇಲೆ ಕಾಗದ ಬಿಚ್ಚೋಣ.