ರಿಸಲ್ಟ್ ಬಂದ ದಿನ ಮಕ್ಕಳ ಜೊತೆ ಏನು ಮಾತಾಡಬೇಕು?

(ತೆರೆಯ ಮೇಲೆ: ಮೊಬೈಲ್‌ನಲ್ಲಿ ರಿಸಲ್ಟ್ ಪುಟ ತೆರೆದುಕೊಳ್ಳುತ್ತಿದೆ)

ನಮಸ್ಕಾರ. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ನಮ್ಮ ಮನೆಗಳಲ್ಲಿ ಏನಾಗುತ್ತದೆ ಅಂತ ಗೊತ್ತಲ್ವಾ? ರಿಜಿಸ್ಟರ್ ನಂಬರ್ ಹಾಕುವುದು ಅಪ್ಪ. ಹೆಗಲ ಮೇಲಿಂದ ಇಣುಕುವುದು ಅಮ್ಮ. ಅಷ್ಟರಲ್ಲಿ ಫ್ಯಾಮಿಲಿ ಗ್ರೂಪ್‌ನಲ್ಲಿ ಯಾರದೋ ಮಗನ 625ಕ್ಕೆ 610 ಬಂದು ಬಿದ್ದಿರುತ್ತದೆ. ಪರೀಕ್ಷೆ ಬರೆದ ಹುಡುಗಿ ರೂಮಿನ ಬಾಗಿಲು ಹಾಕಿಕೊಂಡಿದ್ದಾಳೆ. ಬಾಗಿಲ ಹೊರಗಿರುವ ದೊಡ್ಡವರಿಗಾಗಿ ಈ ವಿಡಿಯೋ.

"ಒಂದು ಪರೀಕ್ಷೆಗೆ ಇಷ್ಟೊಂದು ಅಳುವುದಾ?" ಅಂತ ನಮಗೆ ಅನ್ನಿಸುತ್ತದೆ. ದುಡುಕನ್ನು ತಡೆದು ಮುಂದಿನದನ್ನು ಯೋಚಿಸುವ ಕೆಲಸ ಹಣೆಯ ಹಿಂದಿರುವ ಮೆದುಳಿನ ಭಾಗದ್ದು. ಅದು ಪೂರ್ತಿ ಬಲಿಯುವ ಹೊತ್ತಿಗೆ ವಯಸ್ಸು 25ರ ಹತ್ತಿರ ಬಂದಿರುತ್ತದೆ. ಭಾವನೆಗಳು ಮಾತ್ರ ಅದಕ್ಕೂ ಎಷ್ಟೋ ಮೊದಲೇ ಜೋರಾಗಿ ಏಳುತ್ತವೆ. ಗೆಳೆಯರು ಏನಂದುಕೊಂಡಾರು ಎನ್ನುವ ಚಿಂತೆಯೂ ಈ ವಯಸ್ಸಿನಲ್ಲೇ ಜಾಸ್ತಿ. ಹಾಗಾಗಿ ಅವಳ ಅಳು ನಾಟಕವಲ್ಲ.

"ಆಗಲೇ ಹೇಳಿರಲಿಲ್ವಾ, ಮೊಬೈಲ್ ಬಿಡು ಅಂತ" ಎನ್ನುವುದನ್ನು ಅವತ್ತು ಬಾಯಿಗೆ ತರಬೇಡಿ. "ಪರವಾಗಿಲ್ಲ ಬಿಡು" ಎನ್ನುವುದೂ ನನಗೆ ಅಷ್ಟು ಸರಿ ಕಾಣುವುದಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ, ಆದರೆ ಅವಳಿಗೆ ಪರವಾಗಿದೆ! ಮಾತು ಅಲ್ಲಿಗೇ ಮುಗಿದುಹೋಗುತ್ತದೆ.

ಇಷ್ಟು ಸಾಕು:

"ತುಂಬಾ ಬೇಜಾರಾಯ್ತಾ ಪುಟ್ಟಿ?"
"ಏನಿಲ್ಲಮ್ಮ."
"ಸರಿ. ಊಟ ಇಲ್ಲಿಗೇ ತರ್ಲಾ, ಹೊರಗೆ ಬರ್ತೀಯಾ?"

ಅಷ್ಟೇ, ಆಮೇಲೆ ಸುಮ್ನಿರಿ. ಇದೇ ಕಷ್ಟದ ಕೆಲಸ. ಎದುರು ಕೂರಿಸಿಕೊಂಡು ಕೇಳಿದರೆ ವಿಚಾರಣೆ ಥರ ಆಗುತ್ತದೆ. ಸ್ಕೂಟರ್ ಹಿಂದೆ ಕೂತಾಗಲೋ, ಅವರೆಕಾಯಿ ಬಿಡಿಸುವಾಗಲೋ ಮಕ್ಕಳು ತಾವಾಗಿ ಬಾಯಿ ಬಿಡುತ್ತಾರೆ. ಆಗ ಮಧ್ಯೆ ಬಾಯಿ ಹಾಕಬೇಡಿ. ಪರಿಹಾರ ಬೇಕಾ, ಸುಮ್ನೆ ಕೇಳಿಸಿಕೊಂಡರೆ ಸಾಕಾ ಅಂತ ಅವಳನ್ನೇ ಕೇಳಿ.

ನೆಂಟರ ಫೋನನ್ನು ನೀವೇ ಎತ್ತಿಕೊಳ್ಳಿ. "ಅವಳಿಗೆ ಅನ್ನಿಸಿದಾಗ ಅವಳೇ ಹೇಳ್ತಾಳೆ ಚಿಕ್ಕಮ್ಮ" ಎಂದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೂ ನಡೆಯುತ್ತದೆ. ಅಂದಹಾಗೆ, ಒಳ್ಳೆಯ ಅಂಕ ಬಂದಿದ್ದರೂ ಸ್ಟೇಟಸ್‌ಗೆ ಹಾಕುವ ಮೊದಲು ಅವಳನ್ನು ಒಂದು ಮಾತು ಕೇಳಿ.

ಮುಂದೇನು ಎನ್ನುವ ಲೆಕ್ಕಾಚಾರ ಮರುದಿನಕ್ಕಿರಲಿ. 2024ರಿಂದ ರಾಜ್ಯದಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ. ಜಾಸ್ತಿ ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಮತ್ತೆ ಬರೆಯುತ್ತಾಳೋ ಇಲ್ಲವೋ, ಯಾವ ಕೋರ್ಸ್ ಎನ್ನುವುದನ್ನೆಲ್ಲ ಅವಳ ಜೊತೆ ಕೂತು ತೀರ್ಮಾನಿಸಿ.

ಓದಿಸುವ ಭರದಲ್ಲಿ ನಿದ್ದೆ ಕತ್ತರಿಸಬೇಡಿ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನ್ ಹದಿಹರೆಯದಲ್ಲಿ ರಾತ್ರಿ ತಡವಾಗಿ ಬಿಡುಗಡೆಯಾಗುತ್ತದೆ. ಬೆಳಗ್ಗೆ ಐದರ ಟ್ಯೂಷನ್‌ಗೆ ಅವಳು ತೂಕಡಿಸಿದರೆ ಸೋಮಾರಿ ಅನ್ನಬೇಡಿ.

(ತೆರೆಯ ಮೇಲೆ: 14416)

ಈಗ ಹೇಳುವುದನ್ನು ದಯವಿಟ್ಟು ಪೂರ್ತಿ ಕೇಳಿ. ಬೇಸರ ಎರಡು ವಾರ ಕಳೆದರೂ ಇಳಿಯದೆ, ಊಟ ನಿದ್ದೆ ಏರುಪೇರಾಗಿ, ಗೆಳೆಯರನ್ನೂ ದೂರ ಇಟ್ಟರೆ "ವಯಸ್ಸೇ ಹಾಗೆ" ಅಂತ ಬಿಡಬೇಡಿ. ಮಾನಸಿಕ ತೊಂದರೆಗಳಲ್ಲಿ ಅರ್ಧದಷ್ಟು 18 ತುಂಬುವ ಹೊತ್ತಿಗೇ ಶುರುವಾಗಿರುತ್ತವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

"ನಾನಿಲ್ದಿದ್ರೆ ನಿಮಗೆಲ್ಲ ಆರಾಮ" ಅಂತ ಬಾಯಿಂದ ಬಂದರೆ ಎರಡು ವಾರ ಕಾಯುವ ಮಾತೇ ಇಲ್ಲ. ನೇರವಾಗಿ ಕೇಳಿ: "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎನ್ನುವುದು ತಪ್ಪು ತಿಳುವಳಿಕೆ. ಕೇಳಿದರೆ ಎಷ್ಟೋ ಮಕ್ಕಳಿಗೆ ಮನಸ್ಸು ಹಗುರಾಗುತ್ತದೆ. ಹೌದು ಎಂದರೆ ಬೈಯಬೇಡಿ, ಒಂಟಿಯಾಗಿ ಬಿಡಬೇಡಿ. ಮನೆಯ ಮಾತ್ರೆ, ಹೊಲದ ಔಷಧಿ ಕೈಗೆ ಸಿಗದಂತೆ ಬೀಗ ಹಾಕಿಡಿ. ಜೀವಕ್ಕೆ ಅಪಾಯ ಅನ್ನಿಸಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

14416 ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದೇಶಮಟ್ಟದಲ್ಲಿ ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮಕ್ಕಳಿಗೆ 1098 ಕೂಡ ಇದೆ. ಮಗಳು ಮಾತಾಡಲು ಒಪ್ಪದಿದ್ದರೆ ನೀವೇ 14416ಕ್ಕೆ ಫೋನ್ ಮಾಡಿ. ಅವಳ ಜೊತೆ ಹೇಗೆ ಮಾತು ಶುರು ಮಾಡಲಿ ಅಂತ ಕೇಳಿ.