ಮಿದುಳಿನ ನೀರುಗಂಟಿಗಳು

ಕೇಳುಗರಿಗೆ ನಮಸ್ಕಾರ. ಮೈಸೂರಿನಲ್ಲಿ ಬಾನುಲಿ ಶುರುವಾಗಿದ್ದು 1935ರಲ್ಲಿ, ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ಅವರ ಮನೆಯಲ್ಲಿ. ಹಾಗಾಗಿ ಇಲ್ಲಿ ಕೂತು ಮಿದುಳಿನ ಬಗ್ಗೆ ಮಾತಾಡೋಕೆ ಯಾರ ಅಪ್ಪಣೆಯೂ ಬೇಡ ಅಂದುಕೊಂಡಿದ್ದೇನೆ.

ಮಿದುಳು ಅಂದ ಕೂಡಲೇ ಎಲ್ಲರೂ ನರಕೋಶದ ಮಾತಾಡುತ್ತಾರೆ. ನಮ್ಮ ತಲೆಯಲ್ಲಿ ಅವು ಸುಮಾರು 8,600 ಕೋಟಿ ಇವೆ. ಹೆಚ್ಚೂಕಮ್ಮಿ ಅಷ್ಟೇ ಸಂಖ್ಯೆಯಲ್ಲಿ ಅವುಗಳ ಬೆನ್ನಿಗೆ ನಿಂತ ಕೋಶಗಳೂ ಇವೆ. ಅವೇ ಗ್ಲಿಯಾ. ಇವುಗಳಲ್ಲಿ ನಕ್ಷತ್ರದ ಆಕಾರದವು ಆಸ್ಟ್ರೋಸೈಟ್‌ಗಳು. ನರಕೋಶಗಳನ್ನು ಸಾಯದಂತೆ ಕಾಯುವ, ಬೆಳೆಸುವ ಪ್ರೋಟೀನುಗಳನ್ನು, ಅಂದರೆ ಗ್ರೋತ್ ಫ್ಯಾಕ್ಟರ್‌ಗಳನ್ನು, ಇವೂ ತಯಾರಿಸುತ್ತವೆ. ಇಂಥವುಗಳಲ್ಲಿ ಮೊದಲು ಸಿಕ್ಕಿದ್ದು ಎನ್‌ಜಿಎಫ್, ಅಂದರೆ ನರ್ವ್ ಗ್ರೋತ್ ಫ್ಯಾಕ್ಟರ್. ಗ್ರೋತ್ ಫ್ಯಾಕ್ಟರ್‌ಗಳನ್ನು ಕಂಡುಹಿಡಿದಿದ್ದಕ್ಕೆ ರೀಟಾ ಲೆವಿ ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಬಂತು.

ಎನ್‌ಜಿಎಫ್ ತಯಾರಿಸುವ ಜೀನ್ ಚರ್ಮದ ಕೋಶದಲ್ಲೂ ಇದೆ, ಲಿವರ್‌ನಲ್ಲೂ ಇದೆ. ಹಾಗಿದ್ದರೆ ಅದು ಎಲ್ಲೆಡೆ, ಎಲ್ಲ ಹೊತ್ತಲ್ಲೂ ಒಂದೇ ಸಮ ಯಾಕೆ ಕೆಲಸ ಮಾಡಲ್ಲ? ಮಂಡ್ಯದ ಕಡೆಯವರಿಗೆ ಇದು ಗೊತ್ತಿರುವ ಸಂಗತಿ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದರೆ ಸಾಲದು, ನೀರುಗಂಟಿ ಬಂದು ತೂಬು ಎತ್ತಬೇಕು ಅಲ್ವಾ?

ಇಲ್ಲಿ ನೀರುಗಂಟಿಯ ಕೆಲಸ ಮಾಡುವುದೂ ಪ್ರೋಟೀನುಗಳೇ. ಒಂದು ಉದಾಹರಣೆ ನೋಡೋಣ. ನಾವು ಎಚ್ಚೆತ್ತು ಗಮನ ಕೊಟ್ಟಾಗ ಮಿದುಳಲ್ಲಿ ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕ ಹೊರಬೀಳುತ್ತದೆ. ಅದು ಆಸ್ಟ್ರೋಸೈಟ್‌ನ ಮೈಮೇಲಿನ ಗ್ರಾಹಕಕ್ಕೆ ಅಂಟಿದರೆ ಒಳಗೆ ಸೈಕ್ಲಿಕ್ ಎಎಂಪಿ ಅನ್ನುವ ಪುಟ್ಟ ಅಣು ಜಾಸ್ತಿಯಾಗುತ್ತದೆ. ಆ ಸುದ್ದಿ ಕೋಶದ ನಡುವಿನ ಕೇಂದ್ರಕ್ಕೆ ಮುಟ್ಟುತ್ತದೆ. ಅಲ್ಲಿ ಫಾಸ್ ಅನ್ನುವ ಪ್ರೋಟೀನ್ ತಯಾರಾಗಿ, ಜೂನ್ ಅನ್ನುವ ಇನ್ನೊಂದರ ಜೊತೆ ಸೇರಿ, ಎನ್‌ಜಿಎಫ್ ಜೀನಿನ ಗೊತ್ತಾದ ಜಾಗದಲ್ಲೇ ಹೋಗಿ ಕೂರುತ್ತದೆ. ಆಗ ಜೀನಿನ ನಕಲು ಹೊರಟು, ಅದರಿಂದ ಎನ್‌ಜಿಎಫ್ ತಯಾರಾಗುತ್ತದೆ. ಫಾಸ್ ಬಾಳುವುದು ಸ್ವಲ್ಪ ಹೊತ್ತು ಮಾತ್ರ. ಎತ್ತಿದ ತೂಬು ಹಾಗೇ ಇರಲ್ಲ. ನನಗೆ ಬಹಳ ಹಿಡಿಸುವ ಭಾಗ ಇದು.

ಪೆಟ್ಟು ಬಿದ್ದಾಗಿನ ದಾರಿ ಬೇರೆ. ಉರಿಯೂತದಲ್ಲಿ ಇಂಟರ್‌ಲ್ಯೂಕಿನ್ 1 ಅನ್ನುವ ಸುದ್ದಿ ಮುಟ್ಟಿಸುವ ಪ್ರೋಟೀನ್ ಹೊರಬರುತ್ತದೆ. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಇಲಿಯ ಆಸ್ಟ್ರೋಸೈಟ್‌ಗಳಿಗೆ ಅದನ್ನು ಹಾಕಿದರೆ ಕೆಲವೇ ಗಂಟೆಗಳಲ್ಲಿ ಎನ್‌ಜಿಎಫ್ ಏರುತ್ತದೆ. ನಾವು ಬರೀ ಕೆಟ್ಟದ್ದು ಅಂದುಕೊಂಡ ಉರಿಯೂತವೂ ಒಮ್ಮೊಮ್ಮೆ ರಿಪೇರಿಗೆ ಕರೆ ಕೊಡುತ್ತದೆ.

‘ಮಿದುಳು ಬೆಳೆಸುವ ಮಾತ್ರೆ’ ಅಂತ ಪರೀಕ್ಷೆ ಹತ್ತಿರ ಬಂದಾಗ ಜಾಹೀರಾತು ನೋಡಿರುತ್ತೀರಿ. ಸುಮ್ನೆ ದುಡ್ಡು ಕಳೀಬೇಡಿ. ಈ ಪ್ರೋಟೀನುಗಳನ್ನು ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗುತ್ತವೆ. ರಕ್ತಕ್ಕೆ ಚುಚ್ಚಿದರೂ ಮಿದುಳಿನ ತಡೆಗೋಡೆ ದಾಟುವುದು ಕಷ್ಟ. 1993ರಲ್ಲಿ ಗ್ಲಿಯಾ ಕೋಶಗಳಿಂದಲೇ ಸಿಕ್ಕ ಜಿಡಿಎನ್‌ಎಫ್ ಅನ್ನುವ ಇನ್ನೊಂದು ಗ್ರೋತ್ ಫ್ಯಾಕ್ಟರ್ ಪಾರ್ಕಿನ್ಸನ್ ಕಾಯಿಲೆಗೆ ಮದ್ದಾಗಬಹುದು ಅಂತ ಆಸೆ ಹುಟ್ಟಿಸಿತ್ತು. ಬ್ರಿಟನ್ನಿನಲ್ಲಿ ನಳಿಗೆಗಳ ಮೂಲಕ ಅದನ್ನು ನೇರ ಮಿದುಳಿಗೇ ಬಿಟ್ಟು ನೋಡಿದರು. 2019ರಲ್ಲಿ ಫಲಿತಾಂಶ ಬಂತು. ಹುಸಿ ಮದ್ದು ಪಡೆದವರಿಗೂ ಜಿಡಿಎನ್‌ಎಫ್ ಪಡೆದವರಿಗೂ ನಡಿಗೆ, ಚಲನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಈಗ ಪ್ರೋಟೀನಿನ ಬದಲು ಜೀನನ್ನೇ ನಿರುಪದ್ರವಿ ವೈರಸ್‌ನಲ್ಲಿಟ್ಟು ಕಳಿಸುವ ಪ್ರಯತ್ನ ನಡೆದಿದೆ. ತೊಂದರೆ ಏನೆಂದರೆ, ಹಾಗೆ ಹೋದ ಜೀನ್ ಸಾಮಾನ್ಯವಾಗಿ ನಿಲ್ಲದೆ ಕೆಲಸ ಮಾಡುತ್ತಲೇ ಇರುತ್ತದೆ. ಅದಕ್ಕೇ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಕೊಟ್ಟಾಗ ಮಾತ್ರ ಶುರುವಾಗಿ, ಬಿಟ್ಟಾಗ ನಿಲ್ಲುವ ಜೀನುಗಳನ್ನು ಇಲಿಗಳಲ್ಲಿ ಪರೀಕ್ಷಿಸಿದ್ದಾರೆ.

ನಮಸ್ಕಾರ.