ಆಟಿಯ ಮಳೆಯಲ್ಲಿ ಡ್ರಾಕುಲಾ

ಇದು ಕಾಪು ಬೀಚ್. ಬಂಡೆಯ ಮೇಲೆ ಕಾಣ್ತಾ ಇರುವುದು ದೀಪಸ್ತಂಭ, 1901ರಲ್ಲಿ ಕಟ್ಟಿದ್ದು. ಮಳೆ ಸ್ವಲ್ಪ ಬಿಟ್ಟಾಗ ಕ್ಯಾಮೆರಾ ಹೊರಗೆ ತೆಗೆದೆ. ಗಾಳಿಗೆ ಅಲ್ಲಿ ಒಂದು ಮಾತೂ ಸರಿಯಾಗಿ ಕೇಳುವುದಿಲ್ಲ, ಹಾಗಾಗಿ ಧ್ವನಿ ಮಾತ್ರ ಮನೆಗೆ ಬಂದು ರೆಕಾರ್ಡ್ ಮಾಡಿದ್ದು. ಈಗ ಆಟಿ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ನಮ್ಮ ತುಳು ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮಲ್ಪೆ ಬಂದರಿನಲ್ಲಿ ಎಲ್ಲವನ್ನೂ ಒಂದಕ್ಕೊಂದು ಒತ್ತಿ ಕಟ್ಟಿಟ್ಟಿದ್ದಾರೆ. ಕಡಲು ಖಾಲಿ.

ಈ ಖಾಲಿ ಕಡಲು ನೋಡುವಾಗೆಲ್ಲ ನನಗೆ ಒಂದು ಹಡಗಿನ ನೆನಪಾಗ್ತದೆ. ಡಿಮೀಟರ್. ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಎಂಬ ರಕ್ತ ಕುಡಿಯುವವನ ಕಾದಂಬರಿಯಲ್ಲಿ ಬರುವ ಹಡಗು. ವಾರ್ನಾ ಬಂದರಿನಿಂದ ಇಂಗ್ಲೆಂಡಿನ ವಿಟ್ಬಿಗೆ ಹೊರಟಿದೆ. ಒಳಗೆ ಮಣ್ಣು ತುಂಬಿದ ಪೆಟ್ಟಿಗೆಗಳು. ಕ್ಯಾಪ್ಟನ್ ಬರೆದಿಟ್ಟ ದಿನಚರಿ ಶುರುವಾಗುವುದು ಜುಲೈ 18ಕ್ಕೆ, ನಿಲ್ಲುವುದು ಆಗಸ್ಟ್ 4ಕ್ಕೆ. ನಮ್ಮ ಲೆಕ್ಕದಲ್ಲಿ ಅಷ್ಟೂ ಆಟಿಯೇ! ನಾವಿಕರು ಒಬ್ಬೊಬ್ಬರಾಗಿ ಕಾಣೆಯಾಗ್ತಾರೆ. ರಾತ್ರಿ ಪಾಳಿಗೆ ಹೋದವನು ಬೆಳಿಗ್ಗೆ ಇಲ್ಲ. ಕೊನೆಗೆ ಉಳಿದ ಕ್ಯಾಪ್ಟನ್ ತನ್ನ ಕೈಗಳನ್ನು ಚುಕ್ಕಾಣಿಯ ಚಕ್ರಕ್ಕೆ ತಾನೇ ಕಟ್ಟಿಕೊಳ್ತಾನೆ, ಕೈಗೂ ಚಕ್ರಕ್ಕೂ ನಡುವೆ ಒಂದು ಶಿಲುಬೆ ಇಟ್ಟುಕೊಂಡು. ಬಿರುಗಾಳಿಯ ರಾತ್ರಿ ಹಡಗು ಬಂದರಿಗೆ ನುಗ್ಗುವಾಗ ಚುಕ್ಕಾಣಿಯಲ್ಲಿ ಇರುವುದು ಹೆಣ. ದಡಕ್ಕೆ ತಾಗಿದ ಕ್ಷಣ ಒಳಗಿನಿಂದ ಒಂದು ದೊಡ್ಡ ನಾಯಿ ಹಾರಿ ಕತ್ತಲಲ್ಲಿ ಮಾಯ.

ಡ್ರಾಕುಲಾನ ಕೋಟೆ ಇರುವ ಟ್ರಾನ್ಸಿಲ್ವೇನಿಯಾಕ್ಕೆ ಸ್ಟೋಕರ್ ಯಾವತ್ತೂ ಹೋದವರಲ್ಲ, ಅದನ್ನು ಪುಸ್ತಕ ಓದಿ ಬರೆದದ್ದು. ವಿಟ್ಬಿ ಹಾಗಲ್ಲ. 1890ರ ಬೇಸಿಗೆಯಲ್ಲಿ ಅಲ್ಲಿ ಇದ್ದರು. ಡ್ರಾಕುಲಾ ಎಂಬ ಹೆಸರು ಸಿಕ್ಕಿದ್ದು ಅಲ್ಲಿಯ ಲೈಬ್ರರಿಯ ಒಂದು ಪುಸ್ತಕದಲ್ಲಿ. 1885ರಲ್ಲಿ ಡಿಮಿಟ್ರಿ ಎಂಬ ರಷ್ಯನ್ ಹಡಗು ನಿಜವಾಗಿಯೂ ಅದೇ ದಡಕ್ಕೆ ಬಂದು ಸಿಕ್ಕಿಕೊಂಡಿತ್ತು. 2022ರ ಜೂನಿನಲ್ಲಿ ಉಳ್ಳಾಲದ ಹತ್ತಿರ ಪ್ರಿನ್ಸೆಸ್ ಮಿರಾಲ್ ಹಡಗು ಸಿಕ್ಕಿಕೊಂಡದ್ದು ನಮ್ಮಲ್ಲಿ ತುಂಬ ಜನರಿಗೆ ನೆನಪಿರಬಹುದು. ಅದರ 15 ಮಂದಿ ಸಿರಿಯಾದ ನಾವಿಕರನ್ನು ಕೋಸ್ಟ್ ಗಾರ್ಡ್‌ನವರು ಸುರಕ್ಷಿತವಾಗಿ ಇಳಿಸಿದ್ರು. ಮಳೆಗಾಲದ ಕಡಲಲ್ಲಿ ಅಲುಗಾಡದೆ ನಿಂತ ಹಡಗನ್ನು ದಡದಿಂದ ನೋಡಿದವರಿಗೆ ಡಿಮೀಟರಿನ ಅಧ್ಯಾಯವನ್ನು ನಾನು ವಿವರಿಸಿ ಹೇಳಬೇಕಾಗಿಲ್ಲ.

ರಕ್ತ ಕುಡಿಯುವವರ ಈ ಕಥೆಗಳ ಹುಚ್ಚು ನನಗೆ ಸಣ್ಣಂದಿನಿಂದ ಉಂಟು. ಮೊದಲು ‘ಚಂದಮಾಮ’ದ ಬೇತಾಳ. ಛಲ ಬಿಡದ ತ್ರಿವಿಕ್ರಮನ ಹೆಗಲ ಮೇಲಿನ ಹೆಣ ಮಾತಾಡುವುದನ್ನು ಓದಿ ಬೆಳೆದ ಮಕ್ಕಳು ನಾವು, ಹೆಣ ಏಳುವುದು ನಮಗೆ ಹೊಸತಲ್ಲ. ಆಮೇಲೆ ಹಂಪನಕಟ್ಟೆಯ ಹಳೆ ಪುಸ್ತಕದ ರಾಶಿಯಲ್ಲಿ ಸಿಕ್ಕಿದ ಡ್ರಾಕುಲಾ. ಇವೆರಡರ ನಡುವೆ ಒಂದು ದಾರಿ ಉಂಟು ಅಂತ ಗೊತ್ತಾದದ್ದು ಎಷ್ಟೋ ವರ್ಷ ಕಳೆದ ಮೇಲೆ. ಬೇತಾಳನ ಕಥೆಗಳನ್ನು 1870ರಲ್ಲಿ ಇಂಗ್ಲಿಷಿಗೆ ತಂದ ರಿಚರ್ಡ್ ಬರ್ಟನ್ ತನ್ನ ಪುಸ್ತಕದ ಹೆಸರಲ್ಲೇ ಬೇತಾಳನನ್ನು ವ್ಯಾಂಪೈರ್, ಅಂದ್ರೆ ರಕ್ತ ಕುಡಿಯುವ ಹೆಣ, ಅಂತ ಕರೆದಿದ್ದ. ಆ ಬರ್ಟನ್ನನ್ನು ಸ್ಟೋಕರ್ ಸ್ವತಃ ಭೇಟಿಯಾಗಿದ್ದರು. ಮಾತಾಡುವಾಗ ತುಟಿ ಮೇಲೆ ಹೋಗಿ ಅವನ ಕೋರೆಹಲ್ಲು ಬಾಕುವಿನ ಹಾಗೆ ಹೊಳೀತಿತ್ತು ಅಂತ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕೌಂಟ್ ಡ್ರಾಕುಲಾನ ಹಲ್ಲು ಅಲ್ಲಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಆದ್ರೆ ಆ ಸಾಲು ಓದಿದ ದಿನ ನನಗೆ ನಿದ್ದೆ ಬರ್ಲಿಲ್ಲ.

ಕಾದಂಬರಿಗಳಿಗಿಂತ ಹಳೆಯದು ಸರಕಾರಿ ಕಾಗದ. 1725, ಸರ್ಬಿಯಾದ ಕಿಸಿಲೆವೊ ಎಂಬ ಹಳ್ಳಿ. ಒಬ್ಬ ರೈತ ಸತ್ತಿದ್ದಾನೆ. ಸ್ವಲ್ಪ ದಿನದೊಳಗೆ ಊರಲ್ಲಿ ಸಾಲುಸಾಲಾಗಿ ಸಾವು. ಅವನ ಹೆಂಡತಿ ಹೇಳ್ತಾಳೆ, ಗಂಡ ರಾತ್ರಿ ಬಂದಿದ್ದ, ತನ್ನ ಚಪ್ಪಲಿ ಕೊಡು ಅಂತ ಕೇಳಿದ. ಅಷ್ಟೇ, ಚಪ್ಪಲಿ. ಊರವರು ಗೋರಿ ಅಗೆದ್ರು. ಹೆಣ ಕೊಳೆತಿರಲಿಲ್ಲ, ಹೊಸ ಉಗುರು ಬಂದ ಹಾಗಿತ್ತು, ಬಾಯಲ್ಲಿ ರಕ್ತ. ಎದೆಗೆ ಗೂಟ ಹೊಡೆದು ಸುಟ್ಟು ಹಾಕಿದ್ರು. ಎದುರಿಗೇ ನಿಂತಿದ್ದ ಆಸ್ಟ್ರಿಯಾದ ಅಧಿಕಾರಿ ಎಲ್ಲವನ್ನೂ ವರದಿ ಮಾಡಿದ. ಹೆಣದೊಳಗೆ ಅನಿಲ ತುಂಬಿದಾಗ ಮೈ ಉಬ್ಬಿ ರಕ್ತ ಬಾಯಿಗೆ ಬರ್ತದೆ, ಮೇಲಿನ ಚರ್ಮ ಸುಲಿದು ಕೆಳಗಿನ ಪದರ ಹೊಸತಾಗಿ ಕಾಣ್ತದೆ, ಈಗ ನಮಗೆ ಗೊತ್ತುಂಟು. ಅವರಿಗೆ ಗೊತ್ತಿದ್ದದ್ದು ಒಂದೇ: ಸತ್ತವನು ಮೊದಲು ಹೋಗುವುದು ತನ್ನ ಮನೆಗೇ.

ನಮಗೂ ಅದು ಗೊತ್ತುಂಟಲ್ಲ. ಆಟಿಯಲ್ಲಿ ನಮ್ಮ ಕುಟುಂಬದ ಮನೆಯಲ್ಲಿ ಕುಲೆಗಳಿಗೆ, ಅಂದ್ರೆ ತೀರಿಹೋದವರ ಆತ್ಮಗಳಿಗೆ, ಬಡಿಸುವ ಕ್ರಮ ಉಂಟು. ಒಳಕೋಣೆಯಲ್ಲಿ ಸಾಲಾಗಿ ಬಾಳೆಎಲೆ. ಅನ್ನ, ಕೋಳಿ ಸಾರು, ಪಕ್ಕದಲ್ಲಿ ಲೋಟದಲ್ಲಿ ನೀರು. ಹೋದವರಿಗೆ ಏನು ಇಷ್ಟ ಇತ್ತೋ ಅದು. ಎಲ್ಲ ಇಟ್ಟು ಬಾಗಿಲು ಮುಚ್ಚುತ್ತಾರೆ, ಹೊರಗೆ ನಾವು ಸುಮ್ಮನೆ ಕೂತಿರ್ತೇವೆ. “ಮೆಲ್ಲ ಮಾತಾಡು ಮಗಾ, ಅವರು ಉಣ್ತಾ ಇದ್ದಾರೆ” ಅಂತ ಅಜ್ಜಿ ಹೇಳ್ತಿದ್ರು. ಮದುವೆಯಾಗದೆ ತೀರಿಹೋದವರಿಗೆ ಮದುವೆ ಮಾಡಿಸುವ ಊರು ನಮ್ಮದು. ಸತ್ತವನಿಗೆ ಇನ್ನೂ ಏನೋ ಬೇಕು ಅನ್ನುವಲ್ಲಿಯವರೆಗೆ ಕಿಸಿಲೆವೊದವರೂ ನಾವೂ ಒಂದೇ. ಅವರು ಗೂಟ ತಂದ್ರು, ನಮ್ಮವರು ಎಲೆ ಹಾಕಿದ್ರು. ನನಗೆ ಈ ಕಥೆಗಳು ದೂರದವು ಅಂತ ಯಾವತ್ತೂ ಅನಿಸದಿರುವುದು ಇದೇ ಕಾರಣಕ್ಕೆ.

ಹಳ್ಳಿಯ ಈ ಹೆಣ ಸಿರಿವಂತರ ಕೋಣೆಗೆ ಬಂದದ್ದೂ ಒಂದು ಮಳೆಯಿಂದ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸ್ಫೋಟಿಸಿತು. ಅದರ ಬೂದಿ, ಗಂಧಕ ಆಕಾಶ ಸೇರಿ, ಮುಂದಿನ ವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ಬದಿಯ ಮನೆಯಲ್ಲಿ ಮಳೆಗೆ ಸಿಕ್ಕಿಕೊಂಡ ಗೆಳೆಯರು ಭೂತದ ಕಥೆ ಬರೆಯಲು ಕೂತರು. ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ ಹುಟ್ಟಿದ್ದು ಅಲ್ಲೇ. ಕವಿ ಬೈರನ್ನನ ಡಾಕ್ಟರ್ ಜಾನ್ ಪೊಲಿಡೊರಿಯ ‘ದ ವ್ಯಾಂಪೈರ್’ ಬೇರು ಬಿಟ್ಟದ್ದೂ ಅಲ್ಲೇ. 1819ರಲ್ಲಿ ಅದು ಅಚ್ಚಾದಾಗ ಬೈರನ್ನನ ಹೆಸರು ಹಾಕಿದ್ರು, ಬರೆದವನಿಗೆ ಹೆಸರೂ ಸಿಗಲಿಲ್ಲ. ಎರಡು ವರ್ಷದ ಮೇಲೆ, 25ನೇ ವಯಸ್ಸಿಗೆ ತೀರಿಕೊಂಡ. ಕಥೆ ಅಂಥ ದೊಡ್ಡದೇನಲ್ಲ. ಆದರೆ ಎಲ್ಲರೂ ಔತಣಕ್ಕೆ ಕರೆಯುವ, ಚಂದದ ಬಟ್ಟೆಯ ಶ್ರೀಮಂತ ರಕ್ತಪಿಪಾಸು ಶುರುವಾದದ್ದು ಅವನಿಂದ.

ನನ್ನನ್ನು ಕೇಳಿದ್ರೆ ಇವೆಲ್ಲದರಲ್ಲಿ ಅತ್ಯಂತ ಚಂದದ್ದು ‘ಕಾರ್ಮಿಲ್ಲಾ’. ಬರೆದವರು ಡಬ್ಲಿನ್ನಿನ ಶೆರಿಡಾನ್ ಲೆ ಫಾನು, 1872ರಲ್ಲಿ ಪುಸ್ತಕವಾಗಿ ಬಂತು, ಡ್ರಾಕುಲಾಕ್ಕಿಂತ 25 ವರ್ಷ ಮೊದಲು. ಆಸ್ಟ್ರಿಯಾದ ಸ್ಟಿರಿಯಾದಲ್ಲಿ ಕಾಡಿನ ನಡುವೆ ಒಂದು ಕೋಟೆಮನೆ, ಅಲ್ಲಿ ಅಪ್ಪನ ಜೊತೆ ಇರುವ ಹುಡುಗಿ ಲಾರಾ. ಬರಬೇಕಾಗಿದ್ದ ಗೆಳತಿ ತೀರಿಕೊಂಡ ಸುದ್ದಿ ಬಂದಿದೆ. ಅದೇ ಬೆಳದಿಂಗಳಲ್ಲಿ ಮನೆಯೆದುರೇ ಒಂದು ಸಾರೋಟು ಮಗುಚಿ, ಒಳಗಿದ್ದ ಹುಡುಗಿ ಎಚ್ಚರ ತಪ್ಪುತ್ತಾಳೆ. ತನಗೆ ನಿಲ್ಲುವಷ್ಟು ಸಮಯವಿಲ್ಲ ಅಂತ ಅವಳ ತಾಯಿ ಹೊರಟು ಹೋಗ್ತಾಳೆ. ಲಾರಾಳೇ ಹಟ ಹಿಡಿದು ಅಪ್ಪನನ್ನು ಒಪ್ಪಿಸ್ತಾಳೆ, ಇವಳು ನಮ್ಮಲ್ಲಿ ಇರಲಿ.

ಆ ಅತಿಥಿ ಮಧ್ಯಾಹ್ನ ಒಂದು ಗಂಟೆಗೆ ಕೋಣೆಯಿಂದ ಇಳಿದು ಬರ್ತಾಳೆ. ಒಂದು ಕಪ್ ಚಾಕೊಲೇಟ್ ಕುಡೀತಾಳೆ, ಬೇರೇನೂ ತಿನ್ನುವುದಿಲ್ಲ. ಈ ಒಂದು ಸಾಲಿನಲ್ಲಿ ನನಗೆ ಮೈ ಜುಮ್ಮೆನ್ನುತ್ತದೆ. ನಮ್ಮ ಮನೆಗೆ ಯಾರೇ ಬಂದ್ರೂ ಮೊದಲು ಚೆಂಬಿನಲ್ಲಿ ನೀರು, ಬಟ್ಟಲಿನಲ್ಲಿ ಬೆಲ್ಲದ ತುಂಡು. ಬಂದವರು ಅದನ್ನು ಮುಟ್ಟದೆ ಕೂತ್ರೆ ಒಳಗಿನಿಂದ ಅತ್ತೆ ಇಣುಕಿ ನೋಡ್ತಾರೆ, ಏನಾಯ್ತು ಅಂತ. ಲೆ ಫಾನು ಆ ಇಣುಕುನೋಟವನ್ನು ಓದುವವರಿಗೆ ಕೊಟ್ಟಿದ್ದಾರೆ. ಲಾರಾ ಕಾರ್ಮಿಲ್ಲಾಳನ್ನು ಪ್ರೀತಿಸ್ತಾಳೆ, ಹೆದರ್ತಾಳೆ, ದಿನದಿನ ಬಡವಾಗ್ತಾಳೆ. ಮನೆಯವರೆಲ್ಲ ಕಣ್ಣಮುಂದೆ ನೋಡ್ತಾ ಉಪಚಾರ ಮಾಡ್ತಾ ಇರ್ತಾರೆ. ವರ್ಷಗಳ ಮೇಲೆ ಈ ಕಥೆ ಹೇಳುವಾಗಲೂ ಲಾರಾಳಿಗೆ ಆ ಹೆಜ್ಜೆ ಸದ್ದು ಬಾಗಿಲಲ್ಲಿ ಕೇಳಿದ ಹಾಗಾಗ್ತದೆ.

ಡ್ರಾಕುಲಾ ಕೂಡ ಮೊದಲು ಉಪಚಾರದ ಕಥೆಯೇ. ಕೋಟೆಗೆ ಬಂದ ಇಂಗ್ಲಿಷ್ ವಕೀಲ ಜೊನಾಥನ್ ಹಾರ್ಕರ್‌ನನ್ನು ಕೌಂಟ್ ಬಾಗಿಲಲ್ಲಿ ನಿಂತು ಸ್ವಾಗತಿಸ್ತಾನೆ, ಊಟ ಬಡಿಸ್ತಾನೆ, ತನ್ನ ಊಟ ಆಗಿದೆ ಅಂತ ಹೇಳ್ತಾನೆ. ಒಂದು ದಿನ ಬಾಗಿಲ ಸಂದಿಯಿಂದ ಹಾರ್ಕರ್ ನೋಡ್ತಾನೆ, ಕೌಂಟ್ ತಾನೇ ಮೇಜಿನ ಮೇಲೆ ಊಟದ ತಟ್ಟೆಗಳನ್ನು ಜೋಡಿಸ್ತಾ ಇದ್ದಾನೆ. ಆ ದೊಡ್ಡ ಕೋಟೆಯಲ್ಲಿ ಒಬ್ಬ ಆಳೂ ಇಲ್ಲ ಅಂತ ಅವನಿಗೆ ಗೊತ್ತಾಗುವುದು ಹೀಗೆ. ರಕ್ತ ಬರುವ ಎಷ್ಟೋ ಪುಟಗಳಿಗಿಂತ ನನಗೆ ಆ ತಟ್ಟೆಗಳೇ ಹೆಚ್ಚು ಭಯ.

ಮೊದಲ ನಾಲ್ಕು ಅಧ್ಯಾಯ ಕಳೆದ ಮೇಲೆ ಕೌಂಟ್ ಎದುರಿಗೆ ಬರುವುದೇ ಅಪರೂಪ. ಪುಸ್ತಕ ಇಡೀ ಡೈರಿ, ಪತ್ರ, ತಂತಿ, ಪತ್ರಿಕೆಯ ತುಂಡು. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದ ಪ್ರವೇಶ ನೋಡಿದವರಿಗೆ ಈ ಕ್ರಮ ಗೊತ್ತುಂಟು. ನಡುರಾತ್ರಿ, ಮೊದಲು ಕೇಳುವುದು ಅಬ್ಬರ. ಚೆಂಡೆ ಏರ್ತದೆ. ಇಬ್ಬರು ತೆರೆ ಹಿಡಿದು ನಿಲ್ತಾರೆ. ತೆರೆಯ ಮೇಲೆ ಕಿರೀಟದ ತುದಿ, ಬದಿಯಲ್ಲಿ ಒಂದು ಕೈ, ರಾಳದ ಬೆಂಕಿ ಭಗ್ಗೆಂದಾಗ ಅರೆಕ್ಷಣ ಮುಖದ ಮೇಲಿನ ಬಿಳಿ ಚಿಟ್ಟಿ. ಪೂರ್ತಿ ಕಾಣುವ ಹೊತ್ತಿಗೆ ಹಿಂದೆ ಕೂತ ಮಕ್ಕಳು ತಾಯಿಯ ಸೆರಗಿನೊಳಗೆ. ಸ್ಟೋಕರ್ 1878ರಿಂದ ಲಂಡನ್ನಿನ ಲೈಸಿಯಂ ಥಿಯೇಟರಿನ ಮ್ಯಾನೇಜರ್ ಆಗಿದ್ದವರು. ತೆರೆಯ ಬೆಲೆ ಅವರಿಗೂ ಗೊತ್ತಿತ್ತು. ಆ ಕಾಗದಗಳೇ ಅವರ ತೆರೆ.

ಕರೆಯದೆ ಡ್ರಾಕುಲಾ ಹೊಸ ಮನೆಗೆ ಕಾಲಿಡಲಾರ, ಇದು ಪುಸ್ತಕದ ನಿಯಮ. ಒಳಗಿನವರು ಒಮ್ಮೆ ಕರೆದ್ರೆ ಸಾಕು, ಆಮೇಲೆ ಯಾವಾಗ ಬೇಕಾದ್ರೂ ಬರಬಹುದು. ಅವನನ್ನು ಹುಡುಕಿ ಹೊರಟ ಗಂಡಸರು ಹಾರ್ಕರ್‌ನ ಹೆಂಡತಿ ಮೀನಾಳನ್ನು ಕ್ಷೇಮವಾಗಿರಲಿ ಅಂತ ಡಾಕ್ಟರ್ ಸೆವಾರ್ಡ್‌ನ ಮಾನಸಿಕ ಆಸ್ಪತ್ರೆಯಲ್ಲಿ ಬಿಟ್ಟು ಹೋಗ್ತಾರೆ. ಒಳಗೆ ಬಾ ಅಂತ ಅವನನ್ನು ಕರೆಯುವುದು ಅಲ್ಲಿಯದೇ ರೋಗಿ ರೆನ್‌ಫೀಲ್ಡ್. ಎಲ್ಲರ ಡೈರಿಗಳನ್ನು ಟೈಪ್ ಮಾಡಿ, ತಾರೀಖಿನ ಪ್ರಕಾರ ಜೋಡಿಸಿ, ಅವನ ಜಾಡು ಕಾಣುವ ಹಾಗೆ ಮಾಡಿದವಳೇ ಆ ಮೀನಾ. ಅವನು ಕಾಗದಗಳನ್ನು ಸುಟ್ಟು ಹಾಕಿದ್ರೂ ಅವಳ ಟೈಪಿನ ಇನ್ನೊಂದು ಪ್ರತಿ ತಿಜೋರಿಯಲ್ಲಿ ಉಳಿದಿತ್ತು. ಕತ್ತಿ ಹಿಡಿದವರಿಗಿಂತ ದೊಡ್ಡ ವೀರಳು ಅವಳೇ, ನನ್ನ ಪ್ರಕಾರ.

1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಕಡೆ ಮನೆಬಾಗಿಲಲ್ಲಿ ‘ನಾಳೆ ಬಾ’ ಅಂತ ಬರೆದಿಟ್ಟಿದ್ದರು. ರಾತ್ರಿ ಪರಿಚಯದವರ ಸ್ವರದಲ್ಲಿ ಕರೆಯುವವಳಿಗೆ ಉತ್ತರ ಕೊಡಬಾರದು ಅಂತ. ಆ ಬರಹ ಬರೆದವರು ಸ್ಟೋಕರನ್ನು ಓದಬೇಕಾಗಿರಲಿಲ್ಲ. ಹೊಸ್ತಿಲು ದಾಟಿಸುವುದು ಒಳಗಿನವರ ಮಾತು ಅಂತ ಅವರಿಗೂ ಗೊತ್ತಿತ್ತು. ನನ್ನನ್ನು ಇಷ್ಟು ವರ್ಷ ಹಿಡಿದಿಟ್ಟದ್ದು ಇದೇ ಭಯ, ಬಾಗಿಲು ತೆರೆದದ್ದು ನಾವೇ ಅನ್ನುವುದು. ಒಂಟಿತನಕ್ಕೆ, ಮರ್ಯಾದೆಗೆ, ಆಸೆಗೆ, ಒಬ್ಬೊಬ್ಬರು ಒಂದೊಂದಕ್ಕೆ ತೆರೀತಾರೆ.

ಬಿಸಿಲು ಬಿದ್ರೆ ಡ್ರಾಕುಲಾ ಸುಟ್ಟು ಹೋಗ್ತಾನೆ ಅಂತ ಸಿನಿಮಾ ನೋಡಿದವರು ಹೇಳ್ತಾರೆ. ಅದು 1922ರ ‘ನೊಸ್ಫೆರಾಟು’ ಸಿನಿಮಾದಿಂದ ಬಂದದ್ದು. ಅನುಮತಿ ಇಲ್ಲದೆ ತೆಗೆದ ಆ ಸಿನಿಮಾದ ಮೇಲೆ ಸ್ಟೋಕರ್ ಅವರ ಹೆಂಡತಿ ಫ್ಲೋರೆನ್ಸ್ ಕೇಸು ಹಾಕಿ ಗೆದ್ದರು. ಪ್ರತಿಗಳನ್ನು ನಾಶ ಮಾಡಲು ಆದೇಶವಾದ್ರೂ ಕೆಲವು ಉಳಿದವು. ಕಾದಂಬರಿಯಲ್ಲಿ ಡ್ರಾಕುಲಾ ಹಾಡುಹಗಲೇ ಲಂಡನ್ನಿನ ಪಿಕಡಿಲಿಯಲ್ಲಿ ನಿಂತಿರ್ತಾನೆ, ಜನರ ನಡುವೆ. ನನಗೆ ಅದೇ ಇಷ್ಟ. ಹಗಲು ಕಾಪಾಡ್ತದೆ ಅನ್ನುವ ಧೈರ್ಯವನ್ನೂ ಪುಸ್ತಕ ಕೊಡುವುದಿಲ್ಲ.

ಓದದವರು ಕಾರ್ಮಿಲ್ಲಾದಿಂದ ಶುರು ಮಾಡಿ. ಒಂದು ಮಳೆಯ ಭಾನುವಾರ ಸಾಕು, ಸಣ್ಣ ಪುಸ್ತಕ. ಆಮೇಲೆ ಡ್ರಾಕುಲಾ. ಸ್ಟೋಕರ್ 1912ರಲ್ಲಿ ತೀರಿಕೊಂಡವರು, ಎರಡೂ ಪುಸ್ತಕ ಇಂಟರ್ನೆಟ್‌ನಲ್ಲಿ ಧರ್ಮಕ್ಕೆ ಸಿಗ್ತವೆ. ಹಾರ್ಕರ್‌ನ ಡೈರಿ ಮೇ 3ಕ್ಕೆ ಶುರು, ಬೆನ್ನಟ್ಟುವಿಕೆ ಮುಗಿಯುವುದು ನವೆಂಬರ್ 6ಕ್ಕೆ. ಪುಟದ ತಾರೀಖು, ಗೋಡೆಯ ಕ್ಯಾಲೆಂಡರಿನ ತಾರೀಖು ಒಂದೇ ಆಗುವ ಹಾಗೆ ಓದಿ ನೋಡಿ. ಕ್ಯಾಪ್ಟನ್ನನ ದಿನಚರಿಯನ್ನಂತೂ ಆಟಿ ಮುಗಿಯುವ ಮೊದಲೇ ಓದಿ, ಓದುವಾಗ ಮಲ್ಪೆಯಲ್ಲೋ ಕಾಪುವಿನಲ್ಲೋ ಕಡಲು ಕಾಣುವ ಕಡೆ ಕೂತುಕೊಳ್ಳಿ. ಯಾವ ನಾವಿಕನ ಹತ್ತಿರ ಬಂದಾಗ ಪುಸ್ತಕ ಮುಚ್ಚಬೇಕು ಅನಿಸಿತು ಅಂತ ನನಗೆ ಬರೆದು ತಿಳಿಸಿ.